ಎರಡನೆಯ ಕೀಲಿ

ಸಿರಸಿ
೧೪ ಜುಲೈ ೨೦೦೮

ರೋಹಿಣಿ,

ಅಕ್ಷರ ಯಾರದೆಂದು ಗೊತ್ತಾದ ಕೂಡಲೇ ಹರಿದು ಹಾಕಬೇಡ. ಹರಿಯುವುದೇ ಆದರೆ ಓದಿ ಹರಿ. ಒಂದೂವರೆ ವರ್ಷದ ಹಿಂದೆ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಜನರೆಲ್ಲ ನೋಡುತ್ತಿರುವಾಗ ನನ್ನನ್ನು "ನಮ್ಮ ಮನೆ ಒಡೆದವಳು" ಎಂದಿದ್ದೆ. ನಿನ್ನ ಅತ್ತಿಗೆ ನಾಗವೇಣಿ ಮಗುವನ್ನು ಎತ್ತಿಕೊಂಡು ನಮ್ಮ ಮಹಿಳಾ ಕೇಂದ್ರದ ಮೆಟ್ಟಿಲು ಹತ್ತಿದ ವಾರ ಅದು. ಆ ಮಾತಿಗೆ ಉತ್ತರ ಕೊಡಲು ಈ ಪತ್ರವಲ್ಲ. ನಾಚಿಕೆ ಬಿಟ್ಟು ಸಹಾಯ ಕೇಳುತ್ತಿದ್ದೇನೆ.

ಕಳೆದ ತಿಂಗಳು ಕೇಂದ್ರದ ಕಂಪ್ಯೂಟರಿಗೆ ವೈರಸ್ ಬಂತೆಂದು ರಿಪೇರಿ ಅಂಗಡಿಗೆ ಕೊಟ್ಟೆವು. ಅದು ವಾಪಸು ಬಂದ ವಾರದಲ್ಲೇ ದಾಸನಕೊಪ್ಪದ ಒಬ್ಬಳ ಗಂಡ ನೇರವಾಗಿ ನಿಲ್ಕುಂದಕ್ಕೆ ಹೋಗಿ ಅವಳು ಅಡಗಿದ್ದ ಮನೆಯ ಬಾಗಿಲನ್ನೇ ತಟ್ಟಿದ. ಯಾರನ್ನೂ ದಾರಿ ಕೇಳಲಿಲ್ಲವಂತೆ. ಆ ಮನೆ ಅವಳ ತವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ, ಮತ್ತು ಆ ಕಂಪ್ಯೂಟರಿಗೆ. ಈಗ ಅವಳು ಸಿದ್ದಾಪುರದ ಆಸ್ಪತ್ರೆಯಲ್ಲಿದ್ದಾಳೆ, ದವಡೆ ಮುರಿದಿದೆ. ನೋಡಲು ಹೋದರೆ ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡಳು.

ಅದೇ ಕಂಪ್ಯೂಟರಿನಲ್ಲಿ ನಾಗವೇಣಿಯದೂ ಇದೆ. ಅವಳು ಇರುವ ಜಾಗ, ಅವಳ ಬೆನ್ನಿನ ಫೋಟೋ, ಕೋರ್ಟಿಗೆ ಕೊಡಬೇಕಾದ ಹೇಳಿಕೆ, ಮಗು ದೀಕ್ಷಿತಾ ಹೋಗುವ ಬಾಲವಾಡಿ, ಎಲ್ಲ. ಕಾಗದದಲ್ಲಿಡು ಎನ್ನಬೇಡ, ನಮ್ಮ ಕಪಾಟು ಹೇರ್‌ಪಿನ್ನಿಗೆ ತೆರೆಯುತ್ತದೆ. ತಲೆಯಲ್ಲಿಡು ಎಂದೂ ಹೇಳಬೇಡ. ನನಗೇನಾದರೂ ಆದರೆ ಅವಳಿರುವ ಕಡೆ ಅಕ್ಕಿ, ಔಷಧ ಮುಟ್ಟಿಸಲು ದಾರಿ ಗೊತ್ತಿರುವವರು ಯಾರೂ ಇರುವುದಿಲ್ಲ.

ಇಡೀ ಡಿಸ್ಕಿಗೇ ಬೀಗ ಹಾಕುವ ಲಿನಕ್ಸ್ ಎಂಬುದೊಂದು ಇದೆಯಂತೆ, ಅದನ್ನು ನೀನು ಕಾಲೇಜಿನಲ್ಲಿ ಹುಡುಗರಿಗೆ ಕಲಿಸುತ್ತೀಯಂತೆ. ನಿನ್ನನ್ನಲ್ಲದೆ ಇನ್ನಾರನ್ನು ಕೇಳಲಿ? ಆ ಅಂಗಡಿಯವನನ್ನೇ ಕೇಳಲೇ? ನಮ್ಮ ಅತ್ತೆ ಮಾತ್ರ ಹಿಡಿದ ಜಪ ಬಿಟ್ಟಿಲ್ಲ: "ಆನು ಆವಾಗ್ಲೇ ಹೇಳಿದ್ದಿ, ಊರವರ ಉಸಾಬರಿ ಎಂತಕ್ಕೆ ಹೇಳಿ."

ನಾಗವೇಣಿಯ ಗಂಡ ನಂದನ ನಿನ್ನ ಅಣ್ಣ ಎಂಬುದನ್ನು ಮರೆತು ಬರೆದಿಲ್ಲ. ಹೆದರಿಕೊಂಡೇ ಬರೆದಿದ್ದೇನೆ.

ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದವಳು,
ವೇದಾ


ಯಲ್ಲಾಪುರ
೨೩ ಜುಲೈ ೨೦೦೮

ವೇದಾ,

ಮನೆಗೆ ಬರುವ ಅಂಚೆ ಮೊದಲು ಅಣ್ಣನ ಕೈಗೆ ಹೋಗುತ್ತದೆ. ನಿನ್ನ ಪತ್ರ ಬಂದ ದಿನ ಅವನು ಲಾರಿಯ ಜೊತೆ ದಾಂಡೇಲಿಗೆ ಹೋಗಿದ್ದ, ಅದೊಂದು ಪುಣ್ಯ. ಮುಂದೆ ಮನೆಗೆ ಬರೆಯಬೇಡ, ಕಾಲೇಜಿಗೆ ಬರೆ. ಓದಿದ ಮೇಲೆ ನಿನ್ನ ಪತ್ರವನ್ನು ಬಚ್ಚಲ ಒಲೆಗೆ ಹಾಕಿದೆ. ಉರಿದು ಮುಗಿಯುವ ತನಕ ಅಲ್ಲೇ ಕೂತಿದ್ದೆ, ಅವ್ವ "ಎಂತಾ ಮಾಡ್ತೀಯೆ ಅಲ್ಲಿ?" ಎಂದು ಕೂಗಿದರೂ ಏಳಲಿಲ್ಲ.

ಆಗುವುದಿಲ್ಲ ಎಂದು ಬರೆಯಲು ಕೂತೆ. ಬರೆದೂ ಬರೆದೆ. ಅದನ್ನೂ ಒಲೆಗೆ ಹಾಕಿದೆ. ನನ್ನ ಕೋಣೆಗೂ ಅಣ್ಣನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳುವಾದದ್ದು. ಅತ್ತಿಗೆ ಇದ್ದಾಗ ಆಚೆಯದೆಲ್ಲ ಈಚೆಗೆ ಕೇಳಿಸುತ್ತಿತ್ತು. ಇಷ್ಟು ಬರೆದರೆ ಸಾಕು.

ಮೊದಲು ಮಾಡಬೇಕಾದ್ದು ಇದು. ಅಂಗಡಿಯವನು ಎಲ್ಲವನ್ನೂ ನಕಲು ಮಾಡಿಕೊಂಡಿದ್ದಾನೆ ಎಂದೇ ತಿಳಿ. ಬೀಗ ಆಮೇಲೆ, ಮೊದಲು ನಾಗವೇಣಿಯ ಜಾಗ ಬದಲಿಸು. ಕಂಪ್ಯೂಟರಿನ ಇಂಟರ್‌ನೆಟ್ ತಂತಿ ಕಿತ್ತಿಡು. ಬೇಕಾದ್ದನ್ನು ಪೆನ್‌ಡ್ರೈವಿಗೆ ಹಾಕಿ ಮೈಮೇಲೆ ಇಟ್ಟುಕೊಂಡು ಓಡಾಡು.

ನನ್ನದೊಂದು ಷರತ್ತು. ಅವಳು ಎಲ್ಲಿದ್ದಾಳೆಂದು ನನಗೆ ಯಾವತ್ತೂ ಬರೆಯಬೇಡ. ನಾನೇ ಕೇಳಿದರೂ ಬರೆಯಬೇಡ.

ರೋಹಿಣಿ


ಸಿರಸಿ
೩೧ ಜುಲೈ ೨೦೦೮

ರೋಹಿಣಿ,

ಜಾಗ ಬದಲಿಸಿದೆ. ಮಗು ಗೊಂಬೆಯ ಚೀಲ ಹಿಡಿದುಕೊಂಡು, "ಇದಾದ ಮೇಲೆ ಇನ್ನೊಂದು ಮನೆಯಾ?" ಎಂದು ಕೇಳಿತು. ನಾಗವೇಣಿ ಅತ್ತಿತ್ತ ನೋಡದೆ ಸೆರಗು ತಲೆಯ ಮೇಲೆ ಎಳೆದುಕೊಂಡು ಜೀಪು ಹತ್ತಿದಳು. ನನಗೆ ದಾರಿಯುದ್ದಕ್ಕೂ ಹಿಂದೆ ಬಂದ ಬೈಕುಗಳೆಲ್ಲ ನಂದನನದೇ ಎಂದು ಕಂಡವು. ಒಂದು ಬೈಕು ನಮ್ಮನ್ನು ದಾಟಿ ಹೋಗಲಿ ಎಂದು ಜೀಪು ನಿಲ್ಲಿಸಿದರೆ, ಅವನೂ ನಿಲ್ಲಿಸಿದ. ಪಾಪ, ಗೇರುಬೀಜದ ಚೀಲ ಕಟ್ಟಿಕೊಂಡ ಮುದುಕ, ನಮ್ಮ ಹತ್ತಿರ ಬೆಂಕಿಪೆಟ್ಟಿಗೆ ಇದೆಯೇ ಎಂದು ಕೇಳಲು ನಿಂತವನು. ನಗಬೇಕಿತ್ತು, ನಗು ಬರಲಿಲ್ಲ.

ನಿನ್ನ ಅಣ್ಣನ ಒಂದು ಲಾರಿ ನಿನ್ನೆ ಮಧ್ಯಾಹ್ನವೆಲ್ಲ ನಮ್ಮ ಕೇಂದ್ರದ ಎದುರು ನಿಂತಿತ್ತು. ಏನನ್ನೂ ಇಳಿಸಲಿಲ್ಲ, ಏರಿಸಲಿಲ್ಲ. ಆ ಲಿನಕ್ಸನ್ನು ಬೇಗ ಕಳಿಸು.

ವೇದಾ


ಯಲ್ಲಾಪುರ
೯ ಆಗಸ್ಟ್ ೨೦೦೮

ವೇದಾ,

ರಿಜಿಸ್ಟರ್ ಅಂಚೆಯಲ್ಲಿ ಬಿಸ್ಕತ್ತಿನ ಡಬ್ಬಿಯೊಂದು ಬಂದಿರಬೇಕು. ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಲಿನಕ್ಸಿನ ಡಿಸ್ಕು. ಕಾಲೇಜಿನದು, ಹುಡುಗರಿಗೆ ಬೇಕು, ಕೆಲಸವಾದ ಮೇಲೆ ವಾಪಸು ಕಳಿಸು.

ಅದನ್ನು ಹಾಕಿ ಕಂಪ್ಯೂಟರ್ ಶುರು ಮಾಡಿದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಡಿಸ್ಕನ್ನು ಹೇಗೆ ಭಾಗ ಮಾಡಲಿ ಎಂದು ಕೇಳುವಲ್ಲಿ ಎಚ್ಚರವಿರಲಿ. ಇಡೀ ಡಿಸ್ಕ್, ಎನ್‌ಕ್ರಿಪ್ಟ್ ಮಾಡಿ, ಎಂಬುದನ್ನೇ ಆರಿಸು. ಹಾಗೆಂದರೆ ನೀನು ಬರೆದದ್ದೆಲ್ಲ ಕಲಸಿಹೋಗಿ ಕೂತಿರುತ್ತದೆ, ಗುಪ್ತವಾಕ್ಯ ಕೊಟ್ಟವರಿಗೆ ಮಾತ್ರ ಮತ್ತೆ ಅಕ್ಷರವಾಗಿ ಕಾಣುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಅಷ್ಟೇ. ಮೊದಲು ಅದು ಹಳೆಯದರ ಮೇಲೆಲ್ಲ ಅರ್ಥವಿಲ್ಲದ ಅಂಕೆಗಳನ್ನು ತುಂಬುತ್ತದೆ. ತಾಸುಗಟ್ಟಲೆ ಹಿಡಿಯುತ್ತದೆ, ಬೇಸರ ಬಂದು ನಿಲ್ಲಿಸಿಬಿಡಬೇಡ.

ಗುಪ್ತವಾಕ್ಯ ಎಂದೆ, ಶಬ್ದ ಎನ್ನಲಿಲ್ಲ. ಉದ್ದ ಇರಲಿ. ದೇವರ ಹೆಸರು, ಮಕ್ಕಳ ಹೆಸರು ಬೇಡ. ಎಲ್ಲೂ ಬರೆದಿಡಬೇಡ. ಮರೆತೆಯೋ, ನಾನಲ್ಲ, ಅದನ್ನು ಮಾಡಿದವನು ಬಂದರೂ ತೆರೆಯಲಾರ. ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಚುಕ್ಕಿ ಕೂಡ. ಕೀಬೋರ್ಡು ಕೆಟ್ಟಿತೆಂದು ಗಾಬರಿಯಾಗಬೇಡ. ಇಮೇಲಿನ ಪಾಸ್‌ವರ್ಡು, ಬ್ಯಾಂಕಿನ ಪಾಸ್‌ವರ್ಡು ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಗೀಚುವ ಅಭ್ಯಾಸ ನಿನಗಿತ್ತು, ಈಗಲೂ ಇರಬೇಕು. ಅವನ್ನಿಡಲು ಒಳಗೊಂದು ಬೇರೆ ತಿಜೋರಿ ಇದೆ, ಅದಕ್ಕೂ ಅದರದೇ ಬೀಗ. ಕ್ಯಾಲೆಂಡರನ್ನು ಸುಟ್ಟು ಹಾಕು. ಪೆನ್‌ಡ್ರೈವಿಗೂ ಇದೇ ರೀತಿ ಬೀಗ ಹಾಕಿ ಕೇಂದ್ರದಿಂದ ದೂರ ಎಲ್ಲಾದರೂ ಇಡು.

ನೆನಪಿಡು, ಒಮ್ಮೆ ತೆರೆದರೆ ಕಂಪ್ಯೂಟರ್ ಆರುವ ತನಕ ಬಾಗಿಲು ತೆರೆದೇ ಇರುತ್ತದೆ. ಯಾರಾದರೂ ನುಗ್ಗಿದರೆ ಮರ್ಯಾದೆಯಿಂದ ಒಂದೊಂದೇ ಮುಚ್ಚುತ್ತಾ ಕೂರಬೇಡ, ಕರೆಂಟು ತೆಗೆ.

ಇನ್ನೊಂದು. ಈ ಬೀಗಕ್ಕೆ ಒಂದಕ್ಕಿಂತ ಹೆಚ್ಚು ಕೀಲಿ ಮಾಡಿಸಬಹುದು. ಎರಡನೆಯದು ನನ್ನದಿರಲಿ. ನಿನಗೇನಾದರೂ ಆದರೆ ತೆರೆಯುವವರು ಒಬ್ಬರು ಬೇಕಲ್ಲ. ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಕೀಲಿ ಕೊಟ್ಟು ಹೋಗುವುದಿಲ್ಲವೇ, ಹಾಗೆ. ನಾವು ತಡವಾಗಿ ಊಟಕ್ಕೆ ಹೋದರೆ ಹಾಸ್ಟೆಲಿನ ಅಡುಗೆಯ ದ್ಯಾವಮ್ಮ ಹೇಳುತ್ತಿದ್ದ ಮಾತು ನೆನಪಿದೆಯಲ್ಲ? ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದ್ದೆವು. ಅದೇ ಥರ ಹೊಡೆ. ಕೀಲಿ ಸೇರಿಸುವುದು ಹೇಗೆ, ತೆಗೆಯುವುದು ಹೇಗೆ, ಎರಡನ್ನೂ ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿದ್ದೇನೆ.

ಅಣ್ಣ ಈಚೆಗೆ ಊಟಕ್ಕೆ ಕೂತಾಗ ನನ್ನನ್ನು ಸುಮ್ಮನೆ ನೋಡುತ್ತಾನೆ. ಏನನ್ನೂ ಕೇಳುವುದಿಲ್ಲ. ಕೇಳಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ರೋಹಿಣಿ


ಸಿರಸಿ
೨೧ ಆಗಸ್ಟ್ ೨೦೦೮

ರೋಹಿಣಿ,

ಆಯಿತು. ನನ್ನ ಕೈಯಿಂದಲೇ ಆಯಿತು ಮಾರಾಯ್ತಿ.

ಮೊದಲ ಸಲ ಅರ್ಧಕ್ಕೆ ಕರೆಂಟು ಹೋಗಿ ಎಲ್ಲ ಕೆಟ್ಟಿತು. ಕಂಪ್ಯೂಟರ್ ಕಪ್ಪಾಗಿ ಕೂತಿತು. ಇದ್ದದ್ದೂ ಹೋಯಿತು, ನಾನೇ ಅದನ್ನು ಕೊಂದೆ ಎಂದುಕೊಂಡೆ. ಬಾಡಿಗೆಗೆ ಯುಪಿಎಸ್ ತಂದು ಮತ್ತೆ ಕೂತೆ. ಅಂಕೆ ತುಂಬುವುದನ್ನು ನೋಡುತ್ತಾ ದಿನವಿಡೀ ಅಲ್ಲೇ ಇದ್ದೆ. ಗುಪ್ತವಾಕ್ಯ ಹೊಡೆಯುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ ಎಂದು ನೀನು ಬರೆದಿದ್ದರೂ, ಕತ್ತಲಲ್ಲಿ ಬಾವಿಗೆ ಕೊಡ ಬಿಟ್ಟ ಹಾಗೆ ಅನ್ನಿಸಿತು. ಹೊಡೆದು ಕೂತೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸರಸರ ಸಾಲುಗಳು ಓಡಿದವು, ನಾನು ಅತ್ತುಬಿಟ್ಟೆ.

ನಿನ್ನ ಕೀಲಿಯನ್ನೂ ಕೂರಿಸಿದೆ. ಹಾಕಿ ನೋಡಿದೆ, ತೆರೆಯಿತು. ದ್ಯಾವಮ್ಮನ ಮಾತು ಹೊಡೆಯುವಾಗ ಅವಳ ಸೌಟು ಪಾತ್ರೆಗೆ ಬಡಿಯುವ ಸದ್ದು ಕೂಡ ಕೇಳಿದ ಹಾಗಾಯಿತು.

ಡಿಸ್ಕನ್ನು ನಿನ್ನ ಡಬ್ಬಿಯಲ್ಲೇ ವಾಪಸು ಕಳಿಸಿದ್ದೇನೆ. ಬಂದ ಡಬ್ಬಿಯನ್ನು ಬರಿದಾಗಿ ಕಳಿಸಲು ನನ್ನಿಂದಾಗದು, ಅತ್ತೆಯೂ ಬಿಡಲಿಲ್ಲ. ನಿನಗೆ ಇಷ್ಟವೆಂದು ಹಾಳೆಯಷ್ಟು ತೆಳ್ಳಗಿನ ಸಿಹಿ ತೊಡದೇವು ತುಂಬಿದೆ. ಅಂಚೆಯವರ ಕೈಗೆ ಕೊಟ್ಟರೆ ಪುಡಿ ತಿನ್ನಬೇಕಾದೀತೆಂದು ಬೆಳಗಿನ ಯಲ್ಲಾಪುರದ ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟೆ. ಕಾಲೇಜಿನ ಗೇಟಿನಲ್ಲಿ ಕೊಡಲು ಹೇಳಿದ್ದೇನೆ, ಮೇಲೆ ನಿನ್ನ ಹೆಸರಿದೆ. ಮುರಿಯದೆ ಬಂತೇ ತಿಳಿಸು.

ಎಷ್ಟೋ ದಿನದ ಮೇಲೆ ಒಂದು ಪೂರ್ತಿ ನಿದ್ದೆ ಮಾಡಿದೆ.

ವೇದಾ


ಯಲ್ಲಾಪುರ
೧ ಸೆಪ್ಟೆಂಬರ್ ೨೦೦೮

ವೇದಾ,

ಡಬ್ಬಿ ಅಣ್ಣನ ಕೈಗೆ ಹೋಯಿತು.

ಕಂಡಕ್ಟರ್ ನಮ್ಮನ್ನೆಲ್ಲ ಬಲ್ಲವನು. ಕಾಲೇಜಿನ ತನಕ ಯಾಕೆ ಹೋಗುವುದೆಂದು ಬಸ್‌ಸ್ಟ್ಯಾಂಡಿನ ಪಕ್ಕದ ಲಾರಿ ಆಫೀಸಿನಲ್ಲೇ, "ನಿಮ್ಮ ತಂಗಿಗೆ ಸಿರಸಿಯಿಂದ ಬಂದದ್ದು" ಎಂದು ಕೊಟ್ಟಿದ್ದಾನೆ. ಉಪಕಾರ ಮಾಡಿದೆನೆಂದೇ ಅವನು ತಿಳಿದಿರಬೇಕು. ಪತ್ರದ ವಿಷಯದಲ್ಲಿ ಅಷ್ಟೆಲ್ಲ ಎಚ್ಚರಿಸಿದ ನನಗೆ ಬಸ್ಸಿನ ಮಾತು ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಗಂಟು ಕಳಿಸಿದವರು ನಾವು. ನಿನ್ನನ್ನು ಬಯ್ಯುವುದಿಲ್ಲ.

ಆದರೆ ಒಳಗೆ ಚೀಟಿಯನ್ನು ಯಾಕೆ ಇಟ್ಟೆ? "ಇಬ್ಬರ ಕೀಲಿಯೂ ಕೂತಿತು, ಇನ್ನು ಹೆದರಿಕೆ ಇಲ್ಲ. ವೇದಾ." ಅಣ್ಣ ಅದನ್ನು ಊಟದ ಹೊತ್ತಿಗೆ ನನ್ನ ತಟ್ಟೆಯ ಪಕ್ಕ ಇಟ್ಟ. ತೊಡದೇವನ್ನೂ ಇಟ್ಟ. "ತಿನ್ನು, ನಿಂಗೆ ಅಂತ್ಲೇ ಕಳಿಸಿದಾಳೆ" ಎಂದ. ಅವನ ಎದುರೇ ತಿಂದೆ. ಆಮೇಲೆ ಅವನು ಕೈ ತೊಳೆದು ಎದ್ದು ಹೋದ. ಅವನು ಅಂಗಡಿಯವನನ್ನು ಹುಡುಕಿಕೊಂಡು ಸಿರಸಿಗೆ ಹೋಗಿ ಬಂದನೆಂದು ನಿನ್ನೆ ಗೊತ್ತಾಯಿತು.

ಈ ಪತ್ರ ಸಿಕ್ಕಿದ ಕೂಡಲೇ ನನ್ನ ಕೀಲಿಯನ್ನು ತೆಗೆದುಹಾಕು. ನಾನು ಡಬ್ಬಿಯಲ್ಲಿ ಕಳಿಸಿದ ಚೀಟಿಯ ಎರಡನೆಯ ಭಾಗದಲ್ಲಿ ಬರೆದದ್ದು ಅದೇ. ಸ್ನಾನ, ಊಟ ಎಲ್ಲ ಆಮೇಲೆ. ನಾನು ಗಟ್ಟಿ ಹೆಂಗಸಲ್ಲ ವೇದಾ, ನಿನಗೆ ಗೊತ್ತು. ನನಗೆ ಗೊತ್ತಿರುವುದು ಕೆಲಸಕ್ಕೆ ಬಾರದ ಹಾಗೆ ಮಾಡು.

ಚೌತಿಯ ರಜೆ ನಡುವೆ ಬರುತ್ತದೆ. ಪತ್ರ ಯಾವಾಗ ಮುಟ್ಟುತ್ತದೋ. ಫೋನ್ ಮಾಡೋಣವೆಂದರೆ ನನ್ನ ಮೊಬೈಲು ಅವನ ಜೇಬಿನಲ್ಲಿದೆ, ಕಾಲೇಜಿಗೂ ಅವನೇ ಬಿಟ್ಟು, ಅವನೇ ಕರೆದುಕೊಂಡು ಬರುತ್ತಾನೆ. ಇದನ್ನು ಹುಡುಗಿಯೊಬ್ಬಳ ಕೈಲಿ ಪೆಟ್ಟಿಗೆಗೆ ಹಾಕಿಸುತ್ತಿದ್ದೇನೆ.

ರೋಹಿಣಿ


ಯಲ್ಲಾಪುರ
೮ ಸೆಪ್ಟೆಂಬರ್ ೨೦೦೮

ವೇದಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ನಿಧಾನವಾಗಿ ಓದು.

ಶುಕ್ರವಾರ ಸಂಜೆ ಮನೆಗೆ ಬಂದರೆ ನಿಮ್ಮ ಕೇಂದ್ರದ ಕಂಪ್ಯೂಟರ್ ನಮ್ಮ ಊಟದ ಮೇಜಿನ ಮೇಲಿತ್ತು. ಪಕ್ಕದಲ್ಲಿ ಅಂಗಡಿಯವನು. ಪರದೆಯ ಮೇಲೆ ಒಂದೇ ಸಾಲು, ಗುಪ್ತವಾಕ್ಯ ಕೊಡಿ ಎಂದು. ಹುಡುಗರಿಗೆ ಪಾಠ ಹೇಳುವಾಗ ಎಷ್ಟೋ ಸಲ ನೋಡಿದ ಸಾಲು, ಆವತ್ತು ಓದಲು ಆಗಲಿಲ್ಲ.

"ಬಿಚ್ಚು" ಎಂದ ಅಣ್ಣ. ಗೊತ್ತಿಲ್ಲ ಎಂದೆ. ಚೀಟಿ ತೋರಿಸಿದ. ಮರೆತೆ ಎಂದೆ. ಸುಳ್ಳು ಹೇಳಿ ಒಂದು ಸಲ ತಪ್ಪನ್ನೇ ಹೊಡೆದೆ. ಅವನು ನನ್ನ ಬಲಗೈ ಹಿಡಿದು ಬಾಗಿಲ ಸಂದಿಗೆ ಇಟ್ಟು, "ಬಾಯಲ್ಲಿ ಹೇಳು, ಅವ ಹೊಡೀತಾನೆ" ಎಂದ. ಅವ್ವ ಒಳಗಿನಿಂದ, "ಹೇಳಿಬಿಡೇ, ಮನೆ ಮರ್ಯಾದೆ ಹೋಗ್ತದೆ" ಎನ್ನುತ್ತಿದ್ದಳು. ಬಾಗಿಲು ಒಂದು ಸಲ ಹಾಕಿದ. ಎರಡನೆಯ ಸಲ ಹಾಕುವ ಮೊದಲೇ ನಾನು ಹೇಳಿಬಿಟ್ಟೆ.

ನಿಜವಾದದ್ದನ್ನೇ ಹೇಳಿದೆ ವೇದಾ. "ತಾಟು ತೊಳಕೊಂಡ ಬರ್ರಿ ಇಲ್ಲಾಂದ್ರ ಉಪಾಸ ಮಲಕೋರ್ರಿ." ಹಾಸ್ಟೆಲಿನ ಬಾಗಿಲಿಗೆ ಅಂಟಿಸಿದ್ದ ಹಾಗೇ ಒಂದೊಂದೇ ಅಕ್ಷರ ಹೇಳಿದೆ. ಅಂಗಡಿಯವನು ಕೀಬೋರ್ಡಿನಲ್ಲಿ ಹೊಡೆದ. ಅವನು ಕೊನೆಯ ಗುಂಡಿ ಒತ್ತುವ ತನಕ ನನ್ನ ಕಣ್ಣ ಮುಂದೆ ಇದ್ದದ್ದು ಗೊಂಬೆಯ ಚೀಲ ಹಿಡಿದುಕೊಂಡ ದೀಕ್ಷಿತಾ. ನಿನ್ನ ಕೇಂದ್ರದಿಂದ ಉತ್ತರ ಬಂದಿರಲಿಲ್ಲ. ನೀನು ತೆಗೆದಿದ್ದೀಯೋ ಇಲ್ಲವೋ ಗೊತ್ತಿರಲಿಲ್ಲ.

ಈ ವಾಕ್ಯಕ್ಕೆ ಯಾವ ಕೀಲಿಯೂ ಇಲ್ಲ ಎಂದು ಬಂತು. ಮತ್ತೆ ಹೊಡೆದ. ಮತ್ತೆ ಅದೇ. ಮೂರನೆಯ ಸಲವೂ ಅದೇ. ಅಂಗಡಿಯವನು, "ಇದು ಇನ್ನು ಯಾರಿಂದ್ಲೂ ಆಗೂದಿಲ್ರಿ" ಎಂದು ಎದ್ದು ನಿಂತ. ಅಣ್ಣ ಕಂಪ್ಯೂಟರನ್ನು ಎತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಿದ. ನಾನು ನೆಲದ ಮೇಲೆ ಕೂತು ಕೈಯನ್ನು ಮಡಿಲಲ್ಲಿಟ್ಟುಕೊಂಡು ನಕ್ಕೆನಂತೆ. ಅವ್ವ ಹೇಳಿದಳು, ನನಗೆ ನೆನಪಿಲ್ಲ.

ನನ್ನ ಪತ್ರ ಸಮಯಕ್ಕೆ ಮುಟ್ಟಿತು. ಅಷ್ಟನ್ನು ದೇವರು ನಡೆಸಿಕೊಟ್ಟ. ಆದರೂ ನಾನು ಹೇಳಿದೆ ಎಂಬುದು ನಿನಗೆ ಗೊತ್ತಿರಬೇಕು.

ರೋಹಿಣಿ


ಸಿರಸಿ
೧೨ ಸೆಪ್ಟೆಂಬರ್ ೨೦೦೮

ರೋಹಿಣಿ,

ನಿನ್ನ ಎಡಗೈಯ ಅಕ್ಷರವನ್ನು ಬೆರಳಿಟ್ಟು ಓದಿದೆ.

ಅವರು ಬಂದದ್ದು ಶುಕ್ರವಾರ ಮಧ್ಯಾಹ್ನ. ನಾಲ್ಕು ಜನ. ಪರದೆಯ ಮೇಲೆ ನಾಗವೇಣಿಯ ಹೇಳಿಕೆಯೇ ತೆರೆದಿತ್ತು. ನಾನು ಗೋಡೆಯ ಪ್ಲಗ್ ಕಿತ್ತೆ, ಕಂಪ್ಯೂಟರ್ ಆರಲಿಲ್ಲ. ಯುಪಿಎಸ್ ಇದೆಯೆಂಬುದೇ ಮರೆತಿತ್ತು. ಅದು ಕೀಂ ಕೀಂ ಎಂದು ಕೂಗುತ್ತಾ ನಾಗವೇಣಿಯ ಹೆಸರನ್ನು ತೋರಿಸುತ್ತಲೇ ಇತ್ತು. ಮೇಜಿನ ಕೆಳಗೆ ನುಸುಳಿ ಕೈಗೆ ಸಿಕ್ಕ ತಂತಿಯನ್ನೆಲ್ಲ ಎಳೆದೆ. ಒಬ್ಬ ನನ್ನ ಜಡೆ ಹಿಡಿಯುವಷ್ಟರಲ್ಲಿ ಕತ್ತಲಾಯಿತು. ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಬರೆದುಕೊಂಡಿದ್ದಾರೆ. ಬೀಗ ಹಾಕಿದ ಪೆನ್‌ಡ್ರೈವು ಹುಷಾರಾಗಿದೆ. ನಾಗವೇಣಿ, ಮಗು ಇಬ್ಬರೂ ಹುಷಾರಾಗಿದ್ದಾರೆ.

ಇನ್ನು ನಿನಗೆ ಹೇಳಬೇಕಾದ್ದು. ನಿನ್ನ ಪತ್ರ ಸಮಯಕ್ಕೆ ಮುಟ್ಟಲಿಲ್ಲ. ಶನಿವಾರ ಬಂತು. ಒಡೆದ ಬಾಗಿಲನ್ನು ಬಡಗಿ ಕೂರಿಸುತ್ತಿದ್ದಾಗ ಅಂಚೆಯವನು ಕೊಟ್ಟು ಹೋದ.

ನಿನ್ನ ಕೀಲಿಯನ್ನು ಕೂರಿಸಿದ ದಿನವೇ ತೆಗೆದಿದ್ದೆ. ಹಾಕಿ ನೋಡಿದೆ, ತೆರೆಯಿತು ಎಂದು ಬರೆದದ್ದು ಸುಳ್ಳಲ್ಲ. ತೆರೆಯಿತು ಎಂದೇ ತೆಗೆದೆ. ಎಲ್ಲಿದ್ದಾಳೆಂದು ನನಗೆ ಹೇಳಬೇಡ ಎಂದವಳು ಕೀಲಿಯನ್ನು ಯಾಕೆ ಕೇಳುತ್ತಾಳೆ ಎಂಬ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಎಷ್ಟೆಂದರೂ ನೀನು ನಂದನನ ತಂಗಿ. ಚೀಟಿಯಲ್ಲಿ "ಇಬ್ಬರ ಕೀಲಿಯೂ" ಎಂದು ಬರೆದದ್ದು ನಿನಗೆ ಬೇಸರವಾಗದಿರಲಿ ಎಂದು. ಆ ಚೀಟಿಯಿಂದಲೇ ನಿನ್ನ ಬೆರಳು ಮುರಿಯಿತು. ನಿನ್ನ ಹತ್ತಿರ ಇಲ್ಲದ ಕೀಲಿಗಾಗಿ ಮುರಿಯಿತು. ನಾನು ಹೇಗೆ ಕ್ಷಮೆ ಕೇಳಲಿ, ಗೊತ್ತಿಲ್ಲ. ನಿನ್ನನ್ನು ನಂಬಿದ್ದರೆ ಅವರಿಬ್ಬರು ಇವತ್ತು ಎಲ್ಲಿರುತ್ತಿದ್ದರು ಎಂದು ನೆನೆದರೆ ಕ್ಷಮೆ ಕೇಳಲೂ ಬಾಯಿ ಬರುವುದಿಲ್ಲ.

ನನ್ನ ಮೇಲೆ ಸಿಟ್ಟು ಬಂದರೆ ಬಯ್ದಾದರೂ ಬರೆ.

ವೇದಾ


ಊರಿನ ಹೆಸರು ಬರೆಯುವುದಿಲ್ಲ
೨೬ ಸೆಪ್ಟೆಂಬರ್ ೨೦೦೮

ವೇದಾ,

ಕಾಲೇಜಿಗೆ ಬಂದ ನಿನ್ನ ಪತ್ರ ಓದಿ ಒಂದು ಇಡೀ ದಿನ ಸಿಟ್ಟಿನಲ್ಲಿದ್ದೆ. ಪಕ್ಕದ ಮಂಚದಲ್ಲಿ ಮಲಗಿದವಳು, ನನ್ನ ಜ್ವರಕ್ಕೆ ಗಂಜಿ ಕುಡಿಸಿದವಳು, ಒಂದು ದಿನದ ಮಟ್ಟಿಗೂ ನನ್ನನ್ನು ನಂಬಲಿಲ್ಲವಲ್ಲ ಎಂದು ಅತ್ತೆ. ಬೆರಳು ಮುರಿದಾಗ ಅಷ್ಟು ಅತ್ತಿರಲಿಲ್ಲ.

ಮರುದಿನ ಅಣ್ಣ ನನ್ನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹೊಡೆಸಿದ. ಬಡಗಿ ಮೊಳೆ ಹೊಡೆಯುವ ಸದ್ದು ಕೇಳುತ್ತಾ ಒಳಗೆ ಕೂತಿದ್ದೆ. ಆ ತೆಳು ಗೋಡೆಯ ಈಚೆ ಇದ್ದ ನನಗೂ ಒಂದು ದಿನ ಸರದಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕೈಗೆ ಪಟ್ಟಿ ಕಟ್ಟಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಹಿಂದಿನ ಬಾಗಿಲಿನಿಂದ ಹೊರಬಿದ್ದೆ. ಉಟ್ಟ ಸೀರೆ, ಕಾಲೇಜಿನ ಚೀಲ, ಅಷ್ಟೇ. ಅವನು ಮುಂದಿನ ಬೆಂಚಿನ ಮೇಲೆ ಕೂತಿದ್ದ. ನಮ್ಮ ಕಡೆಯ ಬಸ್ಸು ಹತ್ತಲಿಲ್ಲ, ಕಂಡಕ್ಟರುಗಳೆಲ್ಲ ಉಪಕಾರಿಗಳು.

ಈಗ ಇರುವ ಮನೆಯ ವಿಳಾಸ ಬೇರೆ ಕಾಗದದಲ್ಲಿದೆ. ಹೊಸ ಕಂಪ್ಯೂಟರ್ ತಂದು ಬೀಗ ಹಾಕಿದ ಮೇಲೆ ಅದನ್ನು ನಾಗವೇಣಿಯ ಹೆಸರಿನ ಕೆಳಗೆ ಬರೆದುಕೊ, ಕಾಗದವನ್ನು ಒಲೆಗೆ ಹಾಕು. ಇದೊಂದು ಸಲ ಕೀಲಿ ಒಂದೇ ಇರಲಿ. ಅವ್ವ ಬಂದು ಕಾಲು ಹಿಡಿದರೂ ತೆರೆಯಬೇಡ, ನನ್ನ ಅಕ್ಷರದಲ್ಲಿ ಪತ್ರ ಬಂದರೂ ತೆರೆಯಬೇಡ.

ಹಗಲೆಲ್ಲ ಬಾಗಿಲ ಸದ್ದಿಗೆ ಬೆಚ್ಚಿ ಬೀಳುತ್ತೇನೆ. ಈ ವಿಳಾಸವನ್ನು ಯಾರಿಗೆ ಕೊಡಲಿ ಎಂದು ಬಹಳ ಯೋಚಿಸಿದೆ. ನೀನು ನನ್ನನ್ನೇ ನಂಬದವಳು, ಅದಕ್ಕೇ ನಿನಗೆ ಕೊಡುತ್ತಿದ್ದೇನೆ.

ರೋಹಿಣಿ